ಮಾದರಿ ಸಭೆಯ ಹಿರಿಯ ಸದಸ್ಯೆ

ಫೆಬ್ರವರಿ 3

ಗಂಟೆಗೆ,

ನಿನ್ನ ಕ್ಷೇಮ ಸಮಾಚಾರ ಕೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಮೂವತ್ತು ವರ್ಷಗಳಿಂದ ಅದು ಗೊತ್ತಿಲ್ಲದಿದ್ದರೂ ನನಗೆ ಊಟ ಸೇರಿದೆ, ನಿದ್ದೆ ಬಂದಿದೆ.

ಅಕ್ಕನ ಮಂಡಿ ಈಗ ಬಗ್ಗುವುದಿಲ್ಲ. ಪ್ರತಿ ಭಾನುವಾರ ಅವಳನ್ನು ನಡೆಸಿಕೊಂಡು ಚರ್ಚಿಗೆ ಹೋಗಿ, ಕೊನೆಯ ಸಾಲಿನಲ್ಲಿ ಕೂರಿಸಿ, ಪಾದ್ರಿಯ ಪ್ರಸಂಗ ಮುಗಿಯುವವರೆಗೆ ಪಕ್ಕದಲ್ಲಿ ಪುಸ್ತಕ ಓದುತ್ತ ಕೂರುವುದು ನನ್ನ ಪಾಲಿಗೆ ಬಂದ ಶಿಕ್ಷೆ. ಹೌದು, ಅದೇ ಚರ್ಚು, ನಾವಿಬ್ಬರೂ ಬೆಳೆದದ್ದು. ಗೋಡೆಗೆ ಹೊಸ ಬಣ್ಣ ಬಂದಿದೆ, ಪ್ರಸಂಗಗಳಿಗೆ ಬಂದಿಲ್ಲ.

ಕಳೆದ ವಾರ ಅಕ್ಕನ ಫೋನಿಗೆ ಒಂದು ಸಂದೇಶ ಬಂತು: ‘ಪ್ರಿಯ ಸದಸ್ಯರೇ, ಈ ತ್ರೈಮಾಸಿಕದಲ್ಲಿ ನಿಮ್ಮ ಹಾಜರಾತಿ ತೃಪ್ತಿಕರವಾಗಿದೆ.’ ಎಪ್ಪತ್ತು ದಾಟಿದ ಹೆಂಗಸಿಗೆ! ದೇವರ ಮುಂದೆ ಕೂರುವುದಕ್ಕೆ ಹಾಜರಾತಿ! ಕಚೇರಿಗೆ ಹೋಗಿ ಕೇಳಿದೆ. ಕಾರ್ಯದರ್ಶಿ ಎನ್ನುವವನು ಪರದೆಯಿಂದ ಮುಖ ಎತ್ತಲಿಲ್ಲ.

“ಯಾರಪ್ಪ ಇದನ್ನ ಕಳಿಸಿದ್ದು?”

“ಸಿಸ್ಟಮ್ಮೇ ಕಳಿಸುತ್ತೆ ಅಂಕಲ್. ನಾನೇನೂ ಒತ್ತಲ್ಲ.”

“ಮತ್ತೆ ಬೆಳಗಿಂದ ಏನು ಒತ್ತುತಾ ಕೂತಿದೀಯ?”

“ಓಕೆ ಒತ್ತುತೀನಿ. ಅದು ಕೇಳಿದಾಗೆಲ್ಲ.”

ಪರದೆಯನ್ನು ನನ್ನ ಕಡೆ ತಿರುಗಿಸಿದ. ಚರ್ಚ್ ನಿರ್ವಹಣಾ ತಂತ್ರಾಂಶ, ಉಚಿತ, ಎಲ್ಲರಿಗೂ ಮುಕ್ತ. ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಿಸಿದವನ ಹೆಸರು, ವಿಳಾಸ. ನಿನ್ನದು.

ಅಭಿನಂದನೆ. ನಿಮ್ಮಪ್ಪ ಕಾರ್ಯದರ್ಶಿಯಾಗಿದ್ದಾಗ ಕೆಂಪು ಪೆನ್ಸಿಲಿನಿಂದ ಮಾಡುತ್ತಿದ್ದ ಕೆಲಸವನ್ನು ನೀನು ಯಂತ್ರಕ್ಕೆ ಕಲಿಸಿದ್ದೀಯ. ಅವರ ಕೈಗೆ ಸಿಕ್ಕಿದ್ದು ಒಂದೇ ಚರ್ಚು. ನಿನ್ನ ಕೈಗೆ ಎಷ್ಟು?

ಮಿಂಚಂಚೆ ವಿಳಾಸವೂ ಇತ್ತು. ಬಳಸಲಿಲ್ಲ. ಅದರಲ್ಲಿ ಅಕ್ಷರವನ್ನು ಒತ್ತಿ ಬರೆಯಲು ಬರುವುದಿಲ್ಲ.

ಇತಿ,
ನಿಮ್ಮ ಹಳೆಯ ಪಾದ್ರಿಯೇ ಹೆಸರಿಟ್ಟ
ತಕರಾರು

*

ಫೆಬ್ರವರಿ 17

ತಕರಾರು ದೊರೆಯೇ,

ಲಕೋಟೆಯ ಮೇಲಿನ ಕೈಬರಹ ನೋಡಿ, ಒಡೆಯುವ ಮೊದಲೇ ಒಂದು ಲೋಟ ನೀರು ಕುಡಿದೆ. ಒಳ್ಳೆಯದೇ ಆಯಿತು.

ವಿಮಾ ಕಚೇರಿಯ ಕಂಪ್ಯೂಟರ್ ವಿಭಾಗದಿಂದ ನಿವೃತ್ತನಾಗಿ ಆರು ವರ್ಷವಾಯಿತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ ನನ್ನದು. ಕೆಳಗೆ ಅವರು ಚಕ್ರ ಬಡಿಯುತ್ತಾರೆ, ಮೇಲೆ ನಾನು ಕೀಲಿಮಣೆ ಬಡಿಯುತ್ತೇನೆ. ಈ ತಂತ್ರಾಂಶ ನನ್ನೊಬ್ಬನದಲ್ಲ. ಮುಖ ನೋಡಿರದ ಜನ ಜೊತೆಗಿದ್ದಾರೆ: ಒಬ್ಬ ನರ್ಸಮ್ಮ, ಭಾನುವಾರ ಪ್ರಸಂಗ ಮಾಡುವ ಒಬ್ಬ ಬೇಕರಿಯವನು, ಹೆಸರೇ ಹೇಳದ ಒಬ್ಬ ವಿದ್ಯಾರ್ಥಿ. ಹಾಜರಾತಿಯ ಸಂದೇಶ ಬೇಡವೆಂದು ನಾನು ಮೂರು ತಿಂಗಳು ವಾದಿಸಿದೆ. ಬೇಕರಿಯವನು ಗೆದ್ದ. ಕಾರ್ಯದರ್ಶಿ ಬಯಸಿದರೆ ಅದನ್ನು ನಿಲ್ಲಿಸಿಡಬಹುದು. ನಿಮ್ಮವನು ನಿಲ್ಲಿಸಿಲ್ಲ.

ಅಪ್ಪನ ಸೊಂಟದ ಕೀಲಿಗೊಂಚಲು ನಿನಗೆ ನೆನಪಿರಬೇಕು. ಸದಸ್ಯರ ಪಟ್ಟಿ ಇದ್ದ ಬೀರುವಿನ ಕೀಲಿ ಅವರು ಸ್ನಾನಕ್ಕೆ ಹೋದಾಗಲೂ ಜೊತೆಗೇ ಇರುತ್ತಿತ್ತು. ಯಾರ ಹೆಸರನ್ನು ಹೊಡೆದುಹಾಕಿದರು, ಯಾಕೆ, ಯಾರು ಒಪ್ಪಿದರು, ಯಾರೂ ಕೇಳುವ ಹಾಗಿರಲಿಲ್ಲ. ನಾವು ಬರೆದದ್ದಕ್ಕೆ ಬೀಗ ಇಲ್ಲ. ಇಡೀ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಒಯ್ದು ತಮ್ಮದಾಗಿ ಮಾಡಿಕೊಳ್ಳಬಹುದು. ಒಂದೇ ಷರತ್ತು, ತಿದ್ದಿದವರೂ ಬೀಗ ಹಾಕಬಾರದು. ಒಂದು ಅಕ್ಷರ ಬದಲಾದರೂ ಬದಲಿಸಿದವನ ಹೆಸರು, ಕಾರಣ ಅಲ್ಲೇ ಉಳಿಯುತ್ತದೆ. ಕೆಂಪು ಪೆನ್ಸಿಲಿಗೂ ಇದಕ್ಕೂ ಅಷ್ಟು ವ್ಯತ್ಯಾಸ ಇದೆ.

ಅಕ್ಕನಿಗೆ ನಮಸ್ಕಾರ ಹೇಳು. ನೀನು ಹೇಳಲಾರೆ ಅಂತ ಗೊತ್ತು.

ನಿನ್ನ,
ಗಂಟೆ

*

ಮಾರ್ಚ್ 2

ಗಂಟೆಗೆ,

ನಲವತ್ತು ವರ್ಷ ಪತ್ರಿಕೆಯಲ್ಲಿ ಬೇರೆಯವರ ಕರಡು ತಿದ್ದಿದವನು ನಾನು. ನಿನ್ನದನ್ನೂ ನೋಡೋಣವೆಂದು ಕಾರ್ಯದರ್ಶಿಯ ಪಕ್ಕದಲ್ಲಿ ಅರ್ಧ ದಿನ ಕುಳಿತೆ. ಸದಸ್ಯರ ಹೆಸರು ತೋರಿಸಲಿಲ್ಲ, ಖಾಲಿ ನಮೂನೆ ತೋರಿಸಿದ. ನಿನ್ನ ಯಂತ್ರದ ಪ್ರಕಾರ ಮನುಷ್ಯನಿಗೆ ಐದು ಸ್ಥಿತಿ: ಸಕ್ರಿಯ, ನಿಷ್ಕ್ರಿಯ, ವರ್ಗಾವಣೆ, ಮೃತ, ತೆಗೆದುಹಾಕಲಾಗಿದೆ. ಎಷ್ಟು ಶತಮಾನದ ದೇವಶಾಸ್ತ್ರವನ್ನು ಎಷ್ಟು ಸಣ್ಣ ಪೆಟ್ಟಿಗೆಗೆ ತುಂಬಿದ್ದೀಯ! ಸಂತೆಯಲ್ಲಿ ದನ ಕೊಳ್ಳುವವನೂ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಾನೆ.

ಐದನೆಯದನ್ನು ಯಾರನ್ನು ನೆನೆದು ಇಟ್ಟೆ?

ನೀನು ಮರೆತಿದ್ದರೆ ನಾನು ಹೇಳುತ್ತೇನೆ, ನನ್ನ ನೆನಪಿಗೆ ಅಪ್‌ಡೇಟ್ ಬೇಕಾಗಿಲ್ಲ. ಇಸ್ತ್ರಿ ಅಂಗಡಿಯ ವಿಧವೆಯ ಕೂಸು ತೀರಿಕೊಂಡ ವಾರ. ದೀಕ್ಷಾಸ್ನಾನ ಆಗಿರಲಿಲ್ಲ. ತಾಯಿಯ ಅಲಕ್ಷ್ಯಕ್ಕೆ ದೇವರು ಕೊಟ್ಟ ಉತ್ತರ ಅದು ಎಂದು ಪಾದ್ರಿ ಪ್ರಸಂಗಪೀಠದಿಂದ ಹೇಳಿದರು, ಆ ತಾಯಿ ಎದುರಿಗೇ ಕೂತಿದ್ದಾಗ. ಗಾಯಕವೃಂದದ ಸಾಲಿನಿಂದ ನಮ್ಮಮ್ಮ ಎದ್ದು ನಿಂತಳು. “ಅಯ್ಯನವರೇ, ಮಗು ಹೋಗಿದ್ದು ಜ್ವರದಿಂದ. ಸುಳ್ಳು ಹೇಳಬೇಡಿ.” ಹೇಳಿ ಕೂತಳು. ಮುಂದಿನ ಕೀರ್ತನೆಯನ್ನೂ ಹಾಡಿದಳು.

ಅಮ್ಮ ಕ್ಷಮೆ ಕೇಳಬೇಕೆಂದು ಸಮಿತಿ ಹೇಳಿತು. ನಿಮ್ಮಪ್ಪನೇ ಮನೆಗೆ ಬಂದಿದ್ದರು. “ಮೊದಲು ಜ್ವರದ ಹತ್ತಿರ ಕ್ಷಮೆ ಕೇಳಿಸಿ, ಆಮೇಲೆ ನನ್ನ ಹತ್ತಿರ ಬನ್ನಿ” ಅಂದಳು ಅಮ್ಮ. ಅವರು ಕೂತಲ್ಲಿಂದ ಎದ್ದು ಹೋದರು. ಆ ಸಂಜೆ ಅವಳ ಹೆಸರಿನ ಮೇಲೆ ಕೆಂಪು ಪೆನ್ಸಿಲ್ ಕೆಲಸ ಮಾಡಿತು.

ಅಲ್ಲಿಂದ ಸಾಯುವವರೆಗೆ ಪ್ರತಿ ಭಾನುವಾರ ಅವಳು ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು, ಒಳಗೆ ಹಾಡುವಾಗ ತನ್ನ ಪಾಲಿನ ದನಿಯನ್ನು ಹೊರಗಿನಿಂದ ಸೇರಿಸುತ್ತಿದ್ದಳು. ಮಳೆ ಬಂದರೆ ಕೊಡೆ ಹಿಡಿದು ಹಾಡಿದಳು. ಒಳಗಿದ್ದ ಒಬ್ಬರಿಗೂ ಕೇಳಿಸಲಿಲ್ಲ, ಅಥವಾ ಎಲ್ಲರಿಗೂ ಕೇಳಿಸಿತು. ಚರ್ಚಿನ ಸಮಾಧಿಭೂಮಿಯಲ್ಲಿ ಜಾಗ ಕೊಡಲಿಲ್ಲ. ಬಸ್ ಡಿಪೋ ಹಿಂದಿನ ನಗರಸಭೆಯ ಸ್ಮಶಾನಕ್ಕೆ ಒಯ್ದೆವು. ಶವ ಚರ್ಚಿನ ಮುಂದೆ ಹಾದಾಗ ಗಂಟೆ ಬಾರಿಸಲಿಲ್ಲ. ಹಗ್ಗ ಯಾರ ಕೈಯಲ್ಲಿತ್ತು ಎಂದು ನಾನು ಬರೆಯಬೇಕಾಗಿಲ್ಲ. ನಿನ್ನ ಅಡ್ಡಹೆಸರೇ ಹೇಳುತ್ತದೆ.

ಈಗ ಬೀಗವಿಲ್ಲದ ಕೋಡು ಬರೆಯುತ್ತಿದ್ದೀಯ. ಬರೆ. ಕೋಡು ಯಾರಿಗೂ ಹೆದರಬೇಕಾಗಿಲ್ಲವಲ್ಲ, ಅದಕ್ಕೆ ಅಪ್ಪ ಇಲ್ಲ.

ಇತಿ,
ತಕರಾರು

*

ಮಾರ್ಚ್ 20

ತಕರಾರು,

ಉತ್ತರ ಬರೆದೆ, ಹರಿದೆ. ಇನ್ನೊಮ್ಮೆ ಬರೆದೆ.

ಆ ಬೆಂಚು ಈಗಲೂ ಇದೆಯಾ?

ಗಂಟೆ

*

ಜೂನ್ 9

ಲೋ ಗಂಟೆ,

ಏನು ಮಾಡಿದ್ದೀಯ ನೀನು?

ನಿನ್ನೆ ಆರಾಧನೆಯ ಕೊನೆಗೆ ಹುಟ್ಟುಹಬ್ಬದವರ ಹೆಸರು ಓದುವ ಹೊತ್ತು. ಈ ಪಾದ್ರಿ ಹೊಸಬರು, ಮೂರು ಚರ್ಚು ನೋಡಿಕೊಳ್ಳುತ್ತಾರೆ, ಮೂರರಲ್ಲೂ ಗಡಿಯಾರವನ್ನೇ ನೋಡುತ್ತಾರೆ. ನಿನ್ನ ಯಂತ್ರ ಅಚ್ಚು ಹಾಕಿಕೊಟ್ಟ ಹಾಳೆ ಹಿಡಿದು ಓದುತ್ತ ಬಂದವರು ನಮ್ಮಮ್ಮನ ಹೆಸರು ಓದಿದರು. ತವರಿನ ಹೆಸರಿನ ಸಮೇತ, ಪೂರ್ತಿ.

“ನಮ್ಮ ಸಭೆಯ ಅತ್ಯಂತ ಹಿರಿಯ ಸದಸ್ಯೆ! ಈ ವಾರ ತೊಂಬತ್ತೆಂಟು ತುಂಬುತಾ ಇದೆ! ಎಲ್ಲಿದೀರಮ್ಮಾ? ಒಂದ್ಸಲ ಕೈ ಎತ್ತಿ.”

ಚಪ್ಪಾಳೆ. ಎಲ್ಲರೂ ಹಿಂದೆ ಮುಂದೆ ತಿರುಗಿ ಹುಡುಕಿದರು. ಪುಸ್ತಕ ನನ್ನ ಕೈಯಿಂದ ಜಾರಿತು.

“ಬಂದಿಲ್ಲವೇನೋ ಪಾಪ. ಅವರ ಆರೋಗ್ಯಕ್ಕಾಗಿ ಪ್ರಾರ್ಥನೆ ಮಾಡೋಣ.”

ಹೊಡೆದುಹಾಕಿದ ಚರ್ಚು, ಮಣ್ಣಿಗೂ ಜಾಗ ಕೊಡದ ಚರ್ಚು, ಸತ್ತು ಮೂವತ್ತು ವರ್ಷವಾದ ಹೆಂಗಸಿನ ಆರೋಗ್ಯ ಸುಧಾರಿಸಲಿ ಎಂದು ಕಣ್ಣು ಮುಚ್ಚಿಕೊಂಡು ಬೇಡಿತು. ಅಕ್ಕ ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಅಂದಳು. ಅವಳ ಮುಖ ನೋಡುವ ಧೈರ್ಯ ಆಗಲಿಲ್ಲ.

ಕಾರ್ಯದರ್ಶಿಯ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ.

“ಸತ್ತವರನ್ನ ಯಾಕಯ್ಯ ಕರೀತೀರಿ?”

“ರೆಕಾರ್ಡಲ್ಲಿ ಇದಾರೆ ಅಂಕಲ್. ಇದಾರೆ ಅಂದ್ರೆ ಇದಾರೆ.”

ಬದುಕಿದ್ದಾಗ ಪಟ್ಟಿಯಲ್ಲಿ ಇರಲಿಲ್ಲ, ಆದ್ದರಿಂದ ಅವಳು ಇರಲಿಲ್ಲ. ಸತ್ತ ಮೇಲೆ ಪಟ್ಟಿಯಲ್ಲಿದ್ದಾಳೆ, ಆದ್ದರಿಂದ ಇದ್ದಾಳೆ. ಎಂಥ ಸಂಸ್ಥೆ! ಕಣ್ಣಿಗಿಂತ ಕಾಗದವನ್ನು ನಂಬುವ ಇವರ ಚಟ ನನ್ನ ಕಾಲದಲ್ಲೂ ಹೋಗಲಿಲ್ಲ, ನನ್ನ ನಂತರವೂ ಹೋಗುವುದಿಲ್ಲ.

ಆ ಹೆಸರು ಅಲ್ಲಿಗೆ ಹೇಗೆ ಬಂತು? ನೇರವಾಗಿ ಬರೆ. ಹರಿಯದೆ ಬರೆ.

ತಕರಾರು

*

ಜೂನ್ 19

ತಕರಾರು,

ನೇರವಾಗಿಯೇ ಬರೆಯುತ್ತೇನೆ.

ಹೊಸ ತಂತ್ರಾಂಶ ಖಾಲಿ ಇದ್ದರೆ ಜನಕ್ಕೆ ಅರ್ಥವಾಗುವುದಿಲ್ಲ. ಅದಕ್ಕೆ ಒಂದು ಮಾದರಿ ಸಭೆ ಮಾಡಿ ಜೊತೆಗೇ ಕಳಿಸುತ್ತೇವೆ, ನಲವತ್ತು ಜನರ ಸುಳ್ಳು ಸಭೆ. ಅದನ್ನು ನೋಡಿ ಕಲಿತು, ಅಳಿಸಿ, ತಮ್ಮ ನಿಜವಾದ ಸದಸ್ಯರನ್ನು ತುಂಬಬೇಕು. ‘ಮೊದಲು ಇವರನ್ನು ಅಳಿಸಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಕಾರ್ಯದರ್ಶಿ ಅದಕ್ಕೂ ಓಕೆ ಒತ್ತಿ ಮುಂದೆ ಹೋಗಿದ್ದಾನೆ.

ನಲವತ್ತು ಹೆಸರು ಎಲ್ಲಿಂದ ತರಲಿ? ಕೂತು ಯೋಚಿಸಿದಾಗ ಬಂದದ್ದು ನಮ್ಮ ಚರ್ಚಿನ ಸಾಲುಗಳೇ. ಅದೇ ಹಳೆಯ ಮನೆತನಗಳ ಹೆಸರು, ಅದಕ್ಕೇ ನಿಮ್ಮಲ್ಲಿ ಯಾರಿಗೂ ಅನುಮಾನ ಬಂದಿಲ್ಲ. ಮೊದಲು ಬರೆದದ್ದು ನಿಮ್ಮಮ್ಮನ ಹೆಸರು. ಗಾಯಕವೃಂದ. ಸಕ್ರಿಯ. ಅವರ ಹುಟ್ಟಿದ ದಿನ ಪ್ರತಿ ವರ್ಷ ನನ್ನನ್ನೂ ನಿಮ್ಮ ಮನೆಗೆ ಕರೆಯುತ್ತಿದ್ದರು, ಮರೆತಿರಲಿಲ್ಲ. ‘ಮೃತ’ ಎಂದು ಹಾಕಲು ಕೈ ಹೋಗಲಿಲ್ಲ. ನಮ್ಮ ತಂತ್ರಾಂಶವನ್ನು ಎಲ್ಲೇ ಯಾರೇ ಮೊದಲ ಸಲ ತೆರೆದರೂ ಅವರಿಗೆ ಮೊದಲು ಕಾಣುವ ಸದಸ್ಯೆ ಅವರೇ.

ಪ್ರತಿ ಸ್ಥಿತಿಗೂ ಒಂದು ಉದಾಹರಣೆ ಬೇಕಿತ್ತು. ಐದನೆಯದನ್ನು ಯಾರನ್ನು ನೆನೆದು ಇಟ್ಟೆ ಎಂದು ಕೇಳಿದ್ದೆಯಲ್ಲ. ಪಟ್ಟಿಯಲ್ಲಿ ನೋಡು. ಅಲ್ಲಿರುವುದು ನಮ್ಮಪ್ಪ.

ಗಂಟೆ

*

ಜೂನ್ 24

ಗಂಟೆಗೆ,

ನೋಡಿದೆ. ಅಪ್ಪ ಮಣ್ಣಾದ ಮೇಲೆ ಅವರನ್ನು ಹೊಡೆದುಹಾಕುವ ಶೌರ್ಯಕ್ಕೆ ನನ್ನ ಚಪ್ಪಾಳೆ. ಬದುಕಿದ್ದಾಗ ಒಂದು ಮಾತು ಆಡಿದ್ದರೆ ಸಾಕಿತ್ತು.

ನಮ್ಮಮ್ಮ ಮಾದರಿ ಅಲ್ಲ. ಯಾರೋ ಗುಮಾಸ್ತರು ಬೆರಳು ಪಳಗಿಸಿಕೊಂಡು, ಕಲಿತಾದ ಮೇಲೆ ಅಳಿಸಿ ಎಸೆಯುವ ಹೆಸರಲ್ಲ ಅದು. ನಿನ್ನ ಎದೆಯ ಭಾರ ತೂಗುಹಾಕಲು ಬೇರೆ ಮೊಳೆ ಹುಡುಕಿಕೊ.

ತೆಗೆ. ಎಲ್ಲ ಕಡೆಯಿಂದ ತೆಗೆ.

ತಕರಾರು

*

ಆಗಸ್ಟ್ 5

ತಕರಾರು,

ತೆಗೆದಿದ್ದೇನೆ. ಹೊಸ ಆವೃತ್ತಿ ನಿನ್ನೆ ಹೊರಬಂತು. ನಿಮ್ಮ ಚರ್ಚಿನಂತೆಯೇ ಎಷ್ಟೋ ಕಡೆ ಮಾದರಿ ಸಭೆ ಅಳಿಸದೆ ಉಳಿದಿದೆಯೆಂದು ತಿಳಿದು ಎಲ್ಲರೂ ನಾಚಿಕೊಂಡರು. ಹೊಸದನ್ನು ಹಾಕಿಕೊಂಡ ಕೂಡಲೇ ಹಳೆಯ ನಲವತ್ತು ಜನ ತಾವಾಗಿ ಅಳಿಯುವಂತೆ ನರ್ಸಮ್ಮ ಬರೆದುಕೊಟ್ಟಳು. ಈಗ ಅವರ ಜಾಗದಲ್ಲಿ ಸದಸ್ಯ ಒಂದು, ಸದಸ್ಯ ಎರಡು ಎಂದಷ್ಟೇ ಇದೆ.

ಬದಲಾವಣೆಯ ಇತಿಹಾಸದಲ್ಲಿ ಕಾರಣ ಬರೆಯಲೇಬೇಕು, ನಿಯಮ ನಾನೇ ಮಾಡಿದ್ದು. ಹೀಗೆ ಬರೆದೆ: ‘ಮೊದಲ ಸದಸ್ಯೆಯನ್ನು ತೆಗೆಯಲಾಗಿದೆ. ಕಾರಣ: ಆಕೆಯ ಮಗನ ಕೋರಿಕೆ.’

ಯಾರು ಬೇಕಾದರೂ ನೋಡಬಹುದು.

ಗಂಟೆ

*

ಆಗಸ್ಟ್ 16

ತಮ್ಮ ಗಂಟೆ,

ನಾನು, ಅಕ್ಕ. ನಿನ್ನ ಕಾಗದವನ್ನು ಇವನು ಮೇಜಿನ ಮೇಲೆ ಬಿಟ್ಟು ಹೋಗಿದ್ದ, ಓದಿದೆ. ಆಮೇಲೆ ಹಳೆಯವನ್ನೂ ಕೇಳಿ ಪಡೆದು ಓದಿದೆ.

ಇಬ್ಬರೂ ಅರವತ್ತು ದಾಟಿದವರು, ನನ್ನನ್ನು ಒಂದು ಮಾತು ಕೇಳಿದಿರಾ? ಅವಳು ನನಗೂ ಅಮ್ಮನೇ.

ಆ ಭಾನುವಾರ ಅಷ್ಟು ಜನ ಅವಳ ಹೆಸರು ಕೇಳಿ ಚಪ್ಪಾಳೆ ತಟ್ಟಿದರು, ಅವಳಿಗಾಗಿ ಕಣ್ಣು ಮುಚ್ಚಿದರು. ತಪ್ಪಿ ಆದದ್ದೇ ಇರಲಿ. ಗೊತ್ತಿದ್ದು ಇವರು ಯಾವತ್ತು ಮಾಡಿದ್ದರು? ನಾನು ಒಳಗೆ ಹೋಗಿ ಕೂರುವುದು ಪಾದ್ರಿಯ ಮಾತು ಕೇಳಲು ಅಂದುಕೊಂಡಿದ್ದಾನೆ ಇವನು. ಅವಳು ಕೂರಬೇಕಾಗಿದ್ದ ಜಾಗ ಖಾಲಿ ಇರಬಾರದು ಅಂತ ಹೋಗುತ್ತೇನೆ.

ನಿಮ್ಮಪ್ಪ ಒಂದು ಸಲ ಅವಳನ್ನು ಹೊಡೆದುಹಾಕಿದರು. ಎರಡನೇ ಸಲ ಅವಳ ಮಗನೇ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ. ಈಗ ಚರ್ಚಿಗೆ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದೇನೆ.

ನಿನ್ನ ನಮಸ್ಕಾರ ಫೆಬ್ರವರಿಯದು, ಈಗ ತಲುಪಿತು.

ಅಕ್ಕ

*

ಸೆಪ್ಟೆಂಬರ್ 28

ಗಂಟೆಗೆ,

ಅಕ್ಕ ಆರು ವಾರದಿಂದ ನನ್ನ ಜೊತೆ ಮಾತಾಡಿಲ್ಲ. ಉಪ್ಪು ಬೇಕಾದರೆ ಗೋಡೆಯನ್ನು ಕೇಳುತ್ತಾಳೆ.

ಸಮಿತಿಗಳ ಮೇಲೆ, ಪಾದ್ರಿಗಳ ಮೇಲೆ, ನಿನ್ನ ಮೇಲೆ ನನಗಿದ್ದ ತಿರಸ್ಕಾರ ಒಂದು ಗುಂಜಿಯಷ್ಟೂ ಇಳಿದಿಲ್ಲ. ಈಗ ಆ ಪಟ್ಟಿಗೆ ನನ್ನನ್ನೂ ಸೇರಿಸಿಕೊಂಡಿದ್ದೇನೆ, ಅಷ್ಟೆ. ಅವಳನ್ನು ಮತ್ತೆ ಹಾಕಲು ಆಗುತ್ತದೆಯೇ? ಬೇಡುತ್ತಿಲ್ಲ. ಕೇಳುತ್ತಿದ್ದೇನೆ.

ತಕರಾರು

*

ಅಕ್ಟೋಬರ್ 10

ತಕರಾರು,

ಪ್ರಸ್ತಾಪ ಇಟ್ಟೆ. ಎಲ್ಲರ ಮುಂದೆ ಚರ್ಚೆಯಾಯಿತು. ನಿಜವಾದ ಜನರ ಹೆಸರು ಇನ್ನು ಮೇಲೆ ಬೇಡ ಎಂದು ನಿರ್ಧಾರವಾಯಿತು. ಅವರ ಮಾತು ಸರಿ. ನಾನು ಸೋತೆ.

ಆದರೆ ಒಂದು ಮಾತು ಕೇಳು. ಹೊಸ ಆವೃತ್ತಿಯನ್ನು ಹಾಕಿಕೊಳ್ಳದ ಚರ್ಚುಗಳಲ್ಲಿ ಏನೂ ಬದಲಾಗುವುದಿಲ್ಲ. ಪರದೆಯ ಮೇಲೆ ಒಂದು ಹಳದಿ ಪಟ್ಟಿ ಬರುತ್ತದೆ, ‘ಈಗ’, ‘ಆಮೇಲೆ’ ಎಂಬ ಎರಡು ಗುಂಡಿ. ‘ಆಮೇಲೆ’ ಒತ್ತಿದವರಲ್ಲಿ ಅವರು ಇನ್ನೂ ಇದ್ದಾರೆ.

ನಿಮ್ಮ ಕಾರ್ಯದರ್ಶಿ ಏನು ಒತ್ತಿದ?

ಗಂಟೆ

*

ಜೂನ್ 7

ಗಂಟೆ,

ನಿನ್ನ ಅಕ್ಟೋಬರಿನ ಕಾಗದಕ್ಕೆ ಉತ್ತರ ಕೊಡಲು ಇಷ್ಟು ದಿನ ಬೇಕಾಯಿತು. ಕೆಲಸದಲ್ಲಿದ್ದೆ.

ನೀನು ನಗಬೇಡ. ಕಾಗದ ಬಂದ ದಿನವೇ ಚರ್ಚಿನ ಕಚೇರಿಗೆ ಓಡಿದೆ. ಓಕೆ ಎಂಬ ಗುಂಡಿ ಇಲ್ಲದ್ದರಿಂದ ಕಾರ್ಯದರ್ಶಿ ಎರಡು ತಿಂಗಳಿನಿಂದ ಆ ಹಳದಿ ಪಟ್ಟಿಯನ್ನು ಮುಟ್ಟದೆ ಕೂತಿದ್ದ. ಸೋಮಾರಿತನಕ್ಕೆ ಕೈ ಮುಗಿದದ್ದು ಜೀವನದಲ್ಲಿ ಅದೇ ಮೊದಲು. ಕಂಪ್ಯೂಟರ್ ಕೆಲಸಕ್ಕೆ ಒಬ್ಬ ಸ್ವಯಂಸೇವಕ ಬೇಕು ಎಂದು ಫಲಕದಲ್ಲಿ ಹಾಕಿದ್ದರು. ಹೆಸರು ಕೊಟ್ಟೆ. ಇವರ ಸಮಿತಿಗೆ ಬಾಯ್ತುಂಬ ಬೈದವನು ಈಗ ವಾರಕ್ಕೆರಡು ದಿನ ಇವರ ಕುರ್ಚಿಯಲ್ಲಿ ಕೂರುತ್ತೇನೆ. ನನ್ನ ಕೆಲಸ ಒಂದೇ: ಹಳದಿ ಪಟ್ಟಿ ಬಂದಾಗ ‘ಆಮೇಲೆ’ ಒತ್ತುವುದು. ಹಾಜರಾತಿಯ ಸಂದೇಶವನ್ನೂ ನಿಲ್ಲಿಸಿದ್ದೇನೆ, ಬೇಕರಿಯವನಿಗೆ ತಿಳಿಸು.

ಅಲ್ಲಿ ಕೂತ ಮೇಲೆ ಇನ್ನೊಂದು ಸಿಕ್ಕಿತು. ವಯಸ್ಸಾದವರನ್ನು ಮನೆಗೆ ಹೋಗಿ ನೋಡಿಬರುವ ತಂಡವೊಂದಿದೆ ಇವರದು. ಅಮ್ಮನ ಹೆಸರಿನ ಮುಂದೆ ಅವರು ಬರೆದದ್ದನ್ನು ಇದ್ದಂತೆಯೇ ಕೊಡುತ್ತೇನೆ: ‘ಭೇಟಿಯಾಯಿತು. ಆರೋಗ್ಯವಾಗಿದ್ದಾರೆ. ಎಲ್ಲರನ್ನೂ ವಿಚಾರಿಸಿದರು.’ ಬಸ್ ಡಿಪೋ ಹಿಂದೆ ಹೋಗಿ ಬಂದರೋ ಏನೋ! ಮೊದಲಾಗಿದ್ದರೆ ಇದನ್ನು ಎಲ್ಲ ಪತ್ರಿಕೆಗಳಿಗೂ ಬರೆಯುತ್ತಿದ್ದೆ. ಅಕ್ಕನಿಗೆ ಓದಿ ಹೇಳಿದೆ. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. “ಎಲ್ಲರನ್ನೂ ವಿಚಾರಿಸಿದ್ಲಂತಾ? ಹಾಗಾದ್ರೆ ಅಮ್ಮನೇ ಬಿಡು” ಅಂದಳು. ಟ್ಯಾಕ್ಸಿ ಅಂದಿಗೆ ನಿಂತಿತು.

ಈಗ ಇವತ್ತಿನದು. ಭಾನುವಾರ, ಚರ್ಚಿನಿಂದ ಬಂದು ಊಟಕ್ಕೂ ಕೂರದೆ ಬರೆಯುತ್ತಿದ್ದೇನೆ.

ಪಾದ್ರಿ ಹಾಳೆ ಹಿಡಿದು ಓದಿದರು. “ನಮ್ಮ ಹಿರಿಯ ಸದಸ್ಯೆ, ತೊಂಬತ್ತೊಂಬತ್ತು! ಹೋದ ವರ್ಷವೂ ಬಂದಿರಲಿಲ್ಲ ಅಲ್ಲವಾ? ಮನೆಯವರು ಯಾರಾದರೂ ಇದೀರಾ?”

ಅಕ್ಕ ಎದ್ದಳು. ನಾನು ಸೆರಗು ಹಿಡಿದು ಜಗ್ಗಿದೆ. ಕೈ ಕೊಡವಿಕೊಂಡು, ಬಗ್ಗದ ಮಂಡಿಯನ್ನು ಎಳೆದುಕೊಂಡು ನಡುದಾರಿಯಲ್ಲಿ ಒಬ್ಬಳೇ ಮುಂದೆ ಹೋದಳು.

“ನೀವು ಅವರಿಗೆ ಏನಾಗಬೇಕಮ್ಮ?”

“ಮಗಳು.”

“ಅಮ್ಮ ಎಲ್ಲಿ? ಮನೇಲಿದಾರಾ?”

“ಇಲ್ಲ ಅಯ್ಯನವರೇ. ಹೊರಗಿದಾರೆ. ಗೇಟಿನ ಹತ್ರ ಬೆಂಚಿನ ಮೇಲೆ ಕೂತಿರ್ತಾರೆ.”

“ಅಯ್ಯೋ, ಹೊರಗ್ಯಾಕೆ ಕೂರಿಸಿದೀರಿ? ಒಳಗೆ ಕರೆದುಕೊಂಡು ಬನ್ನಿ!”

ಮೈಕಿನಲ್ಲಿ ಹೇಳಿದರು ಗಂಟೆ. ಆ ಪ್ರಸಂಗಪೀಠದಿಂದ, ಇಡೀ ಸಭೆಗೆ ಕೇಳುವ ಹಾಗೆ. ಒಳಗೆ ಕರೆದುಕೊಂಡು ಬನ್ನಿ, ಅಂತ.

ಅಕ್ಕ ಅಲ್ಲಿಂದಲೇ ನನ್ನನ್ನು ನೋಡಿದಳು. ನಾನು ಎದ್ದು ಹಿಂದಿನ ದೊಡ್ಡ ಬಾಗಿಲಿಗೆ ಹೋದೆ. ಒಂದು ರೆಕ್ಕೆ ಮಾತ್ರ ತೆರೆದಿತ್ತು. ಇನ್ನೊಂದರ ಅಗುಳಿ ತುಕ್ಕು ಹಿಡಿದಿತ್ತು, ಭುಜ ಕೊಟ್ಟು ತೆಗೆದೆ. ಎರಡನ್ನೂ ಗೋಡೆಗೆ ತಾಗಿಸಿ, ಹಿಡಿದುಕೊಂಡು ನಿಂತೆ. ಅಲ್ಲಿಂದ ಬೆಂಚು ನೇರವಾಗಿ ಕಾಣುತ್ತದೆ. ನೀನು ಕೇಳಿದ್ದೆಯಲ್ಲ, ಇದೆ.

ಪಾದ್ರಿಗೆ ಮುಂದಿನ ಚರ್ಚಿಗೆ ಹೊತ್ತಾಗಿತ್ತು. ಯಾರು ಬಂದರು, ಯಾರು ಬರಲಿಲ್ಲ ನೋಡಲು ವ್ಯವಧಾನ ಎಲ್ಲಿ? ಬಾಗಿಲ ಕಡೆ ಕೈ ಎತ್ತಿ, ಹೆಸರು ಹಿಡಿದು ಆಶೀರ್ವಾದ ಹೇಳಿಯೇಬಿಟ್ಟರು. ಸಭೆ ಆಮೆನ್ ಅಂದಿತು. ಗಾಯಕವೃಂದ ಎಂದಿನಂತೆ ಶ್ರುತಿ ಬಿಟ್ಟು ಶುರು ಮಾಡಿತು. ಮುಂದೆ ನಿಂತಿದ್ದ ಅಕ್ಕ ಅಮ್ಮನ ಪಾಲಿನ ದನಿ ಹಿಡಿದಳು. ನನಗೆ ಅದು ಬಾಯಿಪಾಠ ಇದೆಯೆಂದು ಇವತ್ತಿನವರೆಗೂ ಗೊತ್ತಿರಲಿಲ್ಲ.

ಇವರ ಮೇಲಿನ ನನ್ನ ಅಭಿಪ್ರಾಯ ಬದಲಾಗಿದೆ ಎಂದುಕೊಳ್ಳಬೇಡ. ಬಾಗಿಲು ತೆರೆಯಲು ಇವರಿಗೆ ತಪ್ಪಾದ ಒಂದು ಹಾಳೆ ಬೇಕಾಯಿತು.

ಈಗ ಗಂಟೆ ಬಾರಿಸುವವರು ಯಾರೂ ಇಲ್ಲ, ಧ್ವನಿವರ್ಧಕದಲ್ಲಿ ಮುದ್ರಿಸಿದ್ದನ್ನು ಹಾಕುತ್ತಾರೆ. ಆರಾಧನೆ ಮುಗಿದ ಮೇಲೆ ಗೋಪುರದೊಳಗೆ ಹೋಗಿ ನೋಡಿಬಂದೆ. ಗಂಟೆ ಅಲ್ಲೇ ಇದೆ. ಹಗ್ಗವನ್ನೂ ಜಗ್ಗಿ ನೋಡಿದೆ, ಗಟ್ಟಿಯಾಗಿದೆ.

ಮುಂದಿನ ಜೂನಿಗೆ ಅಮ್ಮನಿಗೆ ನೂರು.

ತಕರಾರು